ಸೀಗಡಿ ಅಲರ್ಜಿ ಇದ್ದರೆ ಕೊರಿಯಾದ ಬೀದಿ ಬದಿಯ ಸಾರು ಕುಡಿಯಬೇಡಿ

ಸೀಗಡಿ, ಏಡಿ ಮೈಗೆ ಆಗಿಬರದವರು ನಿಮ್ಮ ಮನೆಯಲ್ಲಿ ಇದ್ದಾರಾ? ಹಾಗಿದ್ದರೆ ಕೊರಿಯಾದ ಸಮುದ್ರ ತೀರದ ಊರುಗಳಿಗೆ ಹೋಗುವ ಮುಂಚೆ ಇದನ್ನು ಓದಿ. ನನ್ನ ಹೆಂಡತಿಗೆ ಆದದ್ದು ಇನ್ನೊಬ್ಬರಿಗೆ ಆಗುವುದು ಬೇಡ.

ನಾವು ಹೋಗಿದ್ದು ಪೂರ್ವ ಕರಾವಳಿಯ ಸೊಕ್ಚೊಗೆ. ಸೋಲ್‌ನಿಂದ ಬಸ್ಸಿನಲ್ಲಿ ಸುಮಾರು ಎರಡೂವರೆ ಗಂಟೆ. ಒಂದು ಕಡೆ ಸೊರಾಕ್ಸಾನ್ ಬೆಟ್ಟ, ಇನ್ನೊಂದು ಕಡೆ ಸಮುದ್ರ. ತುಂಬಾ ಚಂದದ ಊರು. ಕೊರಿಯಾ ಯುದ್ಧದಲ್ಲಿ ಉತ್ತರದಿಂದ ಓಡಿ ಬಂದವರು ನೆಲೆ ನಿಂತ ಅಬಾಯಿ ಹಳ್ಳಿ ಅಲ್ಲೇ ಇದೆ. ತಂತಿ ಹಗ್ಗ ಎಳೆಯುತ್ತಾ ದೋಣಿಯಲ್ಲಿ ದಾಟಿ ಹೋಗಬಹುದು. ಬೊಂಡಾಸ್ (ಸ್ಕ್ವಿಡ್) ಒಳಗೆ ಅನ್ನ, ತರಕಾರಿ ತುಂಬಿ, ಮೊಟ್ಟೆಯಲ್ಲಿ ಅದ್ದಿ ಕಾವಲಿಯಲ್ಲಿ ಬೇಯಿಸಿ ಕೊಡುತ್ತಾರೆ. ನಾನು ತಿಂದೆ, ಅವಳು ಮುಟ್ಟಲಿಲ್ಲ. ಅಷ್ಟು ಹುಷಾರು ಅವಳು.

ಅವಳಿಗೆ ಮೀನು ತಿಂದರೆ ಏನೂ ಆಗಲ್ಲ. ಹಾಗಾಗಿ ಸಂಜೆ ಒಂದು ಗಾಡಿಯ ಹತ್ತಿರ ಒಡೆಂಗ್ ತೆಗೆದುಕೊಂಡೆವು. ಮೀನು ರುಬ್ಬಿ ಹಿಟ್ಟು ಸೇರಿಸಿ ಮಾಡಿದ ಹಾಳೆಯನ್ನು ಮಡಚಿ ಕಡ್ಡಿಗೆ ಚುಚ್ಚಿ, ಬಿಸಿ ಸಾರಿನಲ್ಲಿ ಮುಳುಗಿಸಿ ಇಟ್ಟಿರುತ್ತಾರೆ. ಸೀಗಡಿ ಇದೆಯಾ ಎಂದು ಫೋನಿನಲ್ಲಿ ಕೊರಿಯನ್‌ಗೆ ಬದಲಾಯಿಸಿ ತೋರಿಸಿದೆವು. ಅಂಗಡಿಯಾಕೆ ಕಡ್ಡಿ ತೋರಿಸಿ ಇಲ್ಲ ಎಂದು ಕೈ ಆಡಿಸಿದರು. ಆಮೇಲೆ ಚಳಿ ಅಂತ ಪ್ರೀತಿಯಿಂದಲೇ ಕಾಗದದ ಲೋಟದಲ್ಲಿ ಸಾರು ಕೊಟ್ಟರು. ಅದಕ್ಕೆ ದುಡ್ಡಿಲ್ಲ, ಎಲ್ಲರಿಗೂ ಹಾಗೇ ಕೊಡುತ್ತಾರೆ.

ಅಪಾಯ ಇದ್ದದ್ದು ಆ ಸಾರಿನಲ್ಲಿ. ಒಣಮೀನು, ಮೂಲಂಗಿ, ಸಮುದ್ರದ ಪಾಚಿ ಹಾಕಿ ಕುದಿಸುವುದು ಎಲ್ಲ ಕಡೆ ಇರುವ ಕ್ರಮ. ಕಡಲ ತೀರದಲ್ಲಿ ರುಚಿಗೆ ಏಡಿ, ಒಣಸೀಗಡಿಯನ್ನೂ ಹಾಕುವವರಿದ್ದಾರೆ. ನಮಗೆ ಸಿಕ್ಕಿದ ಪಾತ್ರೆಯಲ್ಲಿ ಏಡಿ ತಳದಲ್ಲಿತ್ತು, ಮೇಲಿನಿಂದ ಕಾಣುತ್ತಿರಲಿಲ್ಲ.

ಸ್ವಲ್ಪ ಹೊತ್ತಿಗೆ ತುಟಿ ಊದಿತು. ಕುತ್ತಿಗೆ, ಕೈಯೆಲ್ಲ ದದ್ದು. ಬ್ಯಾಗಿನಲ್ಲಿದ್ದ ಅಲರ್ಜಿ ಮಾತ್ರೆ ನುಂಗಿದಳು, ಆದರೂ ಗಂಟಲು ಬಿಗಿಯುತ್ತಾ ಹೋಯಿತು. ಅವಳು ಮಾತಾಡಲು ಒದ್ದಾಡುತ್ತಿದ್ದದ್ದು ನೋಡಿ ನನ್ನ ಕೈಕಾಲು ನಡುಗಿದವು. ಅಲ್ಲಿನ ತುರ್ತು ನಂಬರ್ 119ಕ್ಕೆ ಫೋನ್ ಮಾಡಿದೆ. ದುಭಾಷಿಯನ್ನು ಲೈನಿಗೆ ಸೇರಿಸಿ ಮಾತಾಡಿಸಿದರು, ಆಂಬುಲೆನ್ಸ್ ಬೇಗ ಬಂತು. ಆಸ್ಪತ್ರೆಯಲ್ಲಿ ಅಡ್ರಿನಲಿನ್ ಇಂಜೆಕ್ಷನ್ ಕೊಟ್ಟ ಮೇಲೆ ಉಸಿರು ಸಲೀಸಾಯಿತು. ಕೆಲವರಿಗೆ ಕೆಲವು ಗಂಟೆ ಬಿಟ್ಟು ಮತ್ತೆ ಅದೇ ತೊಂದರೆ ಬರುತ್ತದಂತೆ, ಅದಕ್ಕೇ ರಾತ್ರಿಯೆಲ್ಲ ಅಲ್ಲೇ ಇರಿಸಿಕೊಂಡರು.

ದಯವಿಟ್ಟು ಇದನ್ನು ನೆನಪಿಡಿ: ಮಾತ್ರೆ ತುರಿಕೆ, ದದ್ದು ಇಳಿಸಬಹುದು, ಬಿಗಿಯುತ್ತಿರುವ ಗಂಟಲಿಗೆ ಅದು ಸಾಲದು. ಸ್ವಲ್ಪ ಹೊತ್ತು ನೋಡೋಣ ಅಂತ ಕಾಯಬೇಡಿ. ಹಿಂದೆ ಜೋರಾಗಿ ಅಲರ್ಜಿ ಆಗಿದ್ದವರು ಹೊರಡುವ ಮುಂಚೆಯೇ ಡಾಕ್ಟರನ್ನು ಕೇಳಿ ಅಡ್ರಿನಲಿನ್ ಪೆನ್ (ನಾವೇ ಚುಚ್ಚಿಕೊಳ್ಳಬಹುದಾದ ಇಂಜೆಕ್ಷನ್) ಜೊತೆಗಿಟ್ಟುಕೊಳ್ಳಿ.

ಅಂಗಡಿಯಲ್ಲಿ "ಇದರಲ್ಲಿ ಸೀಗಡಿ ಇದೆಯಾ" ಎಂದಷ್ಟೇ ಕೇಳಿದರೆ ಕೈಯಲ್ಲಿರುವ ತಿಂಡಿಗೆ ಮಾತ್ರ ಉತ್ತರ ಸಿಗುತ್ತದೆ. ಸಾರಿಗೆ ಏನು ಹಾಕಿದ್ದೀರಿ, ಇದೇ ಎಣ್ಣೆಯಲ್ಲಿ ಸೀಗಡಿ ಕರಿದಿದ್ದೀರಾ ಅಂತ ಬೇರೆ ಬೇರೆಯಾಗಿ ಕೇಳಿ. ತಿಂದರೆ ಜೀವಕ್ಕೆ ಅಪಾಯ ಎಂದೂ ಕೊರಿಯನ್‌ನಲ್ಲಿ ಬರೆಸಿಕೊಂಡು ತೋರಿಸಿ. ಕಿಮ್ಚಿಗೂ ಎಷ್ಟೋ ಕಡೆ ಉಪ್ಪು ಹಾಕಿದ ಸೀಗಡಿ ಬೀಳುತ್ತದೆ. ಪ್ಯಾಕೆಟ್ ತಿಂಡಿಯ ಮೇಲೆ ಅಲರ್ಜಿ ವಿವರ ಇರುತ್ತದೆ, ಗಾಡಿ ತಿಂಡಿಗೆ ಅಂಥದ್ದೇನೂ ಇರಲ್ಲ. ಸಸ್ಯಾಹಾರಿಗಳಿಗೂ ಒಂದು ಮಾತು: ಕೆಂಪಗೆ ಕುದಿಯುವ ತೊಕ್‌ಪೊಕ್ಕಿ ಬರೀ ಅಕ್ಕಿ ಕಡುಬಿನ ತುಂಡು ಅನಿಸುತ್ತದೆ, ಅಲ್ವಾ? ಅದರ ಗೊಜ್ಜಿಗೂ ಸಾಮಾನ್ಯವಾಗಿ ಒಣಮೀನಿನ ಸಾರೇ ಹಾಕುವುದು.

ಮಾತ್ರೆಗಳನ್ನು ಊರಿಂದಲೇ ಜಾಸ್ತಿ ಒಯ್ಯಿರಿ. ಇಪ್ಪತ್ನಾಲ್ಕು ಗಂಟೆ ತೆರೆದಿರುವ ಅಂಗಡಿಗಳಲ್ಲಿ ಜ್ವರ, ಶೀತ, ಅಜೀರ್ಣದ ಮಾತ್ರೆ ಸಿಗುತ್ತವೆ, ಅಲರ್ಜಿಯದ್ದು ಸಿಗಲ್ಲ. ಅದಕ್ಕೆ ಔಷಧಿ ಅಂಗಡಿಗೇ ಹೋಗಬೇಕು, ರಾತ್ರಿ ಹೆಚ್ಚಿನವು ಮುಚ್ಚಿರುತ್ತವೆ. 119ರ ಆಂಬುಲೆನ್ಸ್‌ಗೆ ದುಡ್ಡು ಕೊಡಬೇಕಿಲ್ಲ. ಆಸ್ಪತ್ರೆಯ ಖರ್ಚು ಪೂರ್ತಿ ನಮ್ಮದೇ, ಹಾಗಾಗಿ ಪ್ರಯಾಣದ ವಿಮೆ ಮಾಡಿಸಿ, ರಸೀದಿಗಳನ್ನೆಲ್ಲ ಕೇಳಿ ಇಟ್ಟುಕೊಳ್ಳಿ. ಮಾತು ಅರ್ಥವಾಗದ ಸಣ್ಣಪುಟ್ಟ ತೊಂದರೆಗಳಿಗೆ 1330 ಪ್ರವಾಸಿ ಸಹಾಯವಾಣಿ ಇದೆ, ಇಂಗ್ಲಿಷ್‌ನಲ್ಲೇ ಮಾತಾಡಬಹುದು.