ಬ್ಯಾಕಪ್ ಓಕೆ ಅಂತ ಹಸಿರು ತೋರಿಸ್ತಿದ್ರೆ ನಂಬ್ಕೊಂಡು ಕೂರ್ಬೇಡಿ

ದಾವಣಗೆರೆ ಕಡೆ ಮಂಡಿ, ಮಿಲ್ಲು, ನರ್ಸಿಂಗ್ ಹೋಮ್ ಅಂತ ಸಣ್ಣಪುಟ್ಟ ಸರ್ವರ್ ನೋಡ್ಕೊಳೋರು ಯಾರಾದ್ರೂ ಹೊರಗಿನವ್ರ ಕೈಲಿ ನಾಗಿಯೋಸ್ (ಸರ್ವರ್, ಬ್ಯಾಕಪ್ ಎಲ್ಲಾ ಸರಿ ಇದ್ಯಾ ಅಂತ ಕಾಯೋ ಸಾಫ್ಟ್‌ವೇರ್) ಹಾಕಿಸ್ತಾ ಇದ್ರೆ ಇದನ್ನ ಓದ್ಬಿಡಿ.

ನಾನು ಕಂಪ್ಯೂಟರ್ ನೋಡ್ಕೊಳೋ ಮೆಕ್ಕೆಜೋಳದ ಮಂಡಿ ಇಲ್ಲಿ ಎಪಿಎಂಸಿ ಯಾರ್ಡಲ್ಲಿದೆ, ಚಳ್ಳಕೆರೇಲಿ ಒಂದು ಬ್ರಾಂಚು. ಬ್ರಾಂಚಲ್ಲಿ ಸಾದಾ ಬ್ರಾಡ್‌ಬ್ಯಾಂಡು, ಸ್ಟಾಟಿಕ್ ಐಪಿ (ಬದಲಾಗದ ನೆಟ್ ಅಡ್ರೆಸ್) ಇಲ್ಲ, ಇಲ್ಲಿಂದ ಆ ಸರ್ವರ್‌ನ ವಿಚಾರ್ಸೋಕೆ ಆಗಲ್ಲ, ಹಂಗಾಗಿ ಪ್ಯಾಸಿವ್ ಚೆಕ್ಕು, ಅಂದ್ರೆ ರಾತ್ರಿ ಬ್ಯಾಕಪ್ ಮುಗಿದ್ಮೇಲೆ ಅಲ್ಲಿನ ಸ್ಕ್ರಿಪ್ಟೇ ಎನ್‌ಎಸ್‌ಸಿಎ (ನಾಗಿಯೋಸ್‌ಗೆ ರಿಸಲ್ಟ್ ತಲುಪ್ಸೋ ಜೊತೆ ಪ್ರೋಗ್ರಾಂ) ಮೂಲಕ ಇಲ್ಲಿನ ಸರ್ವರ್‌ನ 5667 ಪೋರ್ಟಿಗೆ ರಿಸಲ್ಟ್ ಕಳ್ಸುತ್ತೆ, 0 ಅಂದ್ರೆ ಓಕೆ, 1 ವಾರ್ನಿಂಗ್, 2 ಕ್ರಿಟಿಕಲ್. ಐಡಿಯಾ ಸರಿಯಾಗೇ ಇದೆ. ಮುಳುಗಿಸಿದ್ದು ಸೆಟಪ್ ಮಾಡಿದ ವೆಂಡರ್.

ಒಂದ್ಸಲ ಕರೆಂಟ್ ಹೋಗಿ ಬಂದ್ಮೇಲೆ ಅಲ್ಲಿನ ಬ್ಯಾಕಪ್ ಡಿಸ್ಕ್ ಮೌಂಟೇ ಆಗಿಲ್ಲ, ಅಂದ್ರೆ ಸರ್ವರ್‌ಗೆ ಸೇರ್ಕೊಂಡಿಲ್ಲ. ಸ್ಕ್ರಿಪ್ಟ್ ಶುರುವಲ್ಲೇ ನಿಂತೋಗ್ತಿತ್ತು, ರಿಸಲ್ಟ್ ಕಳ್ಸೋ ಲೈನ್ ಇರೋದು ಕೊನೇಲಿ, ಸೋ ಏನೂ ಬರ್ತಿರ್ಲಿಲ್ಲ. ನಮ್ ಸ್ಕ್ರೀನಲ್ಲಿ ಮಾತ್ರ ದಿನಾ ಹಸಿರು. ಸೀಸನ್ ಜೋರಿರೋವಾಗ್ಲೇ ಸರ್ವರ್ ಡಿಸ್ಕ್ ಕೈಕೊಡ್ತು, ಬ್ಯಾಕಪ್ ತೆಗೆದ್ರೆ ಎಲ್ಲಾ ಹಳೇದು, ತೂಕದ ಚೀಟಿ ಗುಡ್ಡೆ ಹಾಕ್ಕೊಂಡು ಒಂದೊಂದೇ ಎಂಟ್ರಿ ಮಾಡ್ಬೇಕಾಯ್ತು. ಸಾವ್ಕಾರ್ರು ಕೇಳಿದ್ದಕ್ಕೆ ನನ್ ಹತ್ರ ಉತ್ರ ಇರ್ಲಿಲ್ಲ, "ಅಲ್ಲಪ್ಪ, ದಿನಾ ಹಸ್ರು ಐತಿ ಹಸ್ರು ಐತಿ ಅಂತಿದ್ಯಲ್ಲ, ಲೆಕ್ಕ ಎಲ್ಲೈತಿ?"

ವೆಂಡರ್‌ಗೆ ಫೋನ್ ಮಾಡಿದ್ರೆ "ಫ್ರೆಶ್‌ನೆಸ್ ಚೆಕ್ ಹಾಕಿದೀವಲ್ಲ ಸಾರ್" ಅಂತಾನೆ. ಅಂದ್ರೆ ರಿಸಲ್ಟ್ ಟೈಮಿಗೆ ಬರ್ತಿದ್ಯಾ ಅಂತ ನೋಡೋದು. ನಿಜಾನೇ, ಹಾಕಿದ್ದ. ಥ್ರೆಶೋಲ್ಡ್ (ಕಾಯೋ ಗಡುವು) 90000 ಸೆಕೆಂಡು, ಅಂದ್ರೆ 25 ಗಂಟೆ, ಅದೂ ಸರಿ. ಆದ್ರೆ ಟೈಮೊಳಗೆ ರಿಸಲ್ಟ್ ಬರ್ಲಿಲ್ಲ ಅಂದ್ರೆ ನಾಗಿಯೋಸ್ ತಾನಾಗೇ ಕೆಂಪು ಮಾಡಲ್ಲ, ಆಕ್ಟಿವ್ ಚೆಕ್ (ನಾಗಿಯೋಸೇ ಹೋಗಿ ವಿಚಾರ್ಸೋದು) ಆಫ್ ಇದ್ರೂ ಆ ಸರ್ವಿಸ್‌ಗೆ ಯಾವ ಕಮಾಂಡ್ ಬರ್ದಿದೆಯೋ ಅದನ್ನ ಓಡಿಸುತ್ತೆ, ಅದೇನು ಹೇಳುತ್ತೋ ಅದೇ ಸ್ಟೇಟಸ್ಸು. ಈ ಪುಣ್ಯಾತ್ಮ ಅಲ್ಲಿ ಪಿಂಗ್ ಚೆಕ್ (ಮಷಿನ್ ನೆಟ್‌ವರ್ಕಲ್ಲಿ ಉತ್ರ ಕೊಡುತ್ತಾ ಅಂತ ನೋಡೋದು) ಕಾಪಿ ಹೊಡ್ದಿದ್ದ. ಬ್ರಾಂಚಿಗೆ ಸ್ಟಾಟಿಕ್ ಐಪಿ ಇಲ್ವಲ್ಲ, ಹೋಸ್ಟ್ ಅಡ್ರೆಸ್ ಜಾಗ್ದಲ್ಲಿ 127.0.0.1 ತುಂಬಿದ್ದ, ಅದು ಯಾವ ಮಷಿನ್ನಿಗಾದ್ರೂ ತನ್ನದೇ ಅಡ್ರೆಸ್ಸು. ಅಂದ್ರೆ ನಾಗಿಯೋಸ್ ತನ್ನನ್ನೇ ಪಿಂಗ್ ಮಾಡ್ಕೊಂಡು ತನ್ನ ಬೆನ್ನು ತಾನೇ ತಟ್ಕೊಳ್ತಿತ್ತು. ಬ್ಯಾಕಪ್ ಅನ್ನೋ ಸಾಲಿನ ಕೊನೇಲಿ ಸಣ್ಣಕ್ಷರದಲ್ಲಿ "ಪಿಂಗ್ ಓಕೆ, ಪ್ಯಾಕೆಟ್ ಲಾಸ್ 0%" ಅಂತ ಇತ್ತು, ಹಸಿರು ಇದ್ಮೇಲೆ ಅಷ್ಟು ದೂರ ಯಾರ್ ಓದ್ತಾರೆ ಹೇಳಿ.

ಆ ಜಾಗ್ದಲ್ಲಿ ಚೆಕ್ ಡಮ್ಮಿ ಪ್ಲಗಿನ್ ಇರ್ಬೇಕು, ಮುಂದೆ 2 ಅಂತ ಕೊಟ್ರೆ ಅದು ಕಣ್ಮುಚ್ಚಿ ಕ್ರಿಟಿಕಲ್ ಅನ್ನುತ್ತೆ. ಜೊತೆಗೆ ಮ್ಯಾಕ್ಸ್ ಚೆಕ್ ಅಟೆಂಪ್ಟ್ಸ್ (ಎಷ್ಟು ಸಲ ಫೇಲ್ ಆದ್ಮೇಲೆ ಖಾತ್ರಿ ಅನ್ನೋ ಲೆಕ್ಕ) 1 ಮಾಡ್ಸಿ, ಇಲ್ಲಾಂದ್ರೆ ಮೊದಲ್ನೇ ಫೇಲ್ ಸಾಫ್ಟ್ ಸ್ಟೇಟಲ್ಲೇ (ಇನ್ನೂ ಖಾತ್ರಿ ಆಗಿಲ್ಲ ಅಂತ) ಉಳಿಯುತ್ತೆ, ಮೆಸೇಜೇ ಬರಲ್ಲ, ದಿನಕ್ಕೊಂದೇ ರಿಸಲ್ಟ್ ಬರೋ ಕಡೆ ಇದು ದೊಡ್ ತಲೆನೋವು. ಹೋಸ್ಟ್ ಹೆಸ್ರು, ಸರ್ವಿಸ್ ಹೆಸ್ರು ನಾಗಿಯೋಸಲ್ಲೂ ಬ್ರಾಂಚ್ ಸ್ಕ್ರಿಪ್ಟಲ್ಲೂ ಅಕ್ಷರ ಅಕ್ಷರ ಒಂದೇ ಇರ್ಬೇಕು, ಕ್ಯಾಪಿಟಲ್ ಸ್ಮಾಲ್ ಸಮೇತ. ಬ್ರಾಂಚ್ ಸರ್ವರ್ ಗಡಿಯಾರನೂ ನೋಡಿ, ಹಿಂದೆ ಬಿದ್ದಿದ್ರೆ ಹೊಸ ರಿಸಲ್ಟೂ ಹಳೇದು ಅನ್ಸುತ್ತೆ, ಎನ್‌ಎಸ್‌ಸಿಎ ಡೀಫಾಲ್ಟಾಗಿ 30 ಸೆಕೆಂಡಿಗಿಂತ ಹಳೇ ಪ್ಯಾಕೆಟ್ ಎಸ್ದುಬಿಡುತ್ತೆ.

ವೆಂಡರ್ ಎದುರಿಗೇ ಬ್ರಾಂಚಿನ ಕ್ರಾನ್ (ರಾತ್ರಿ ಸ್ಕ್ರಿಪ್ಟ್ ತಾನಾಗೇ ಓಡಿಸೋ ಟೈಮರ್) ಆಫ್ ಮಾಡ್ಸಿ, ಮಾರನೇ ದಿನ ಸ್ಕ್ರೀನ್ ಕೆಂಪಾಗಿ ನಿಮ್ ಮೊಬೈಲಿಗೆ ಮೆಸೇಜ್ ಬಂದ್ಮೇಲೆ ಬಿಲ್ ಪಾಸ್ ಮಾಡಿ.