ಲೈನ್ ಫಾಲೋವರ್‌ಗೆ ಯಾವ ಜೋಡಿ: ಬಿಒ ಮೋಟರ್–ಎಲ್298ಎನ್ ಅಥವಾ ಎನ್20–ಟಿಬಿ6612?

ಕಾಲೇಜು ಫೆಸ್ಟ್‌ಗಳ ಲೈನ್ ಫಾಲೋವರ್ (ನೆಲದ ಗೆರೆ ಹಿಡಿದು ತಾನೇ ಓಡುವ ರೋಬೋ) ಸ್ಪರ್ಧೆಗೆ ಕೊಡಗಿನಿಂದ ಹೊರಡುವ ತಂಡಗಳ ಡಬ್ಬಿ ತೆರೆದರೆ ಸಾಮಾನ್ಯವಾಗಿ ಎರಡರಲ್ಲಿ ಒಂದು ಜೋಡಿ ಕಾಣುತ್ತದೆ. ಒಂದು, ಹಳದಿ ಬಣ್ಣದ ಬಿಒ ಮೋಟರ್ ಮತ್ತು ಕಪ್ಪು ಹೀಟ್‌ಸಿಂಕ್ ಹೊತ್ತ ಎಲ್298ಎನ್ ಡ್ರೈವರ್ (ಬ್ಯಾಟರಿಯ ವಿದ್ಯುತ್ತನ್ನು ಪ್ರೋಗ್ರಾಂ ಹೇಳಿದಂತೆ ಮೋಟರಿಗೆ ಕೊಡುವ ಬೋರ್ಡು). ಇನ್ನೊಂದು, ಕಿರುಬೆರಳು ಗಾತ್ರದ ಎನ್20 ಮೋಟರ್ ಮತ್ತು ಟಿಬಿ6612ಎಫ್‌ಎನ್‌ಜಿ. ಇವೆರಡನ್ನೂ ಒಂದೇ ಆರ್ಡುಯಿನೊ ನ್ಯಾನೊ (ಪ್ರೋಗ್ರಾಂ ನಡೆಸುವ ಪುಟ್ಟ ಬೋರ್ಡು), ಒಂದೇ ಎಂಟು ಕಣ್ಣಿನ ಸೆನ್ಸರ್ ಪಟ್ಟಿ ಇಟ್ಟುಕೊಂಡು ಒಂದೇ ಟ್ರ್ಯಾಕ್ ಮೇಲೆ ಓಡಿಸಿ ನೋಡಿದ್ದೇವೆ. ಬಹುಮಾನದ ಮೇಲೆ ಕಣ್ಣಿದ್ದರೆ ಎರಡನೆಯದೇ ಆಗಬೇಕು. ಆದರೆ ಬದಲಿ ಡ್ರೈವರ್ ಕೈಯಲ್ಲಿಲ್ಲದೆ ಅದನ್ನು ನಂಬಿ ಹೋಗುವುದಕ್ಕಿಂತ ಮೊದಲನೆಯದೇ ಲೇಸು. ಗೋಣಿಕೊಪ್ಪದಲ್ಲೋ ಮಡಿಕೇರಿಯಲ್ಲೋ ಸಂಜೆ ಹೊತ್ತಿಗೆ ಒಂದು ಟಿಬಿ6612 ಸುಟ್ಟರೆ ಬದಲಿ ಬರಬೇಕಾದದ್ದು ಮೈಸೂರಿನಿಂದ, ಇಲ್ಲವೇ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ. ಜಿಲ್ಲೆಗೆ ರೈಲಿಲ್ಲ, ಬಸ್ ಪಾರ್ಸೆಲ್ಲೋ ಕೊರಿಯರೋ ಬರುವ ತನಕ ಕಾಯಬೇಕು.

ಡ್ರೈವರ್

ಎಲ್298ಎನ್ ಒಳಗಿರುವುದು ಹಳೆಯ ಬೈಪೋಲಾರ್ ಟ್ರಾನ್ಸಿಸ್ಟರ್‌ಗಳು. 1 ಆಂಪಿಯರ್ ಹರಿಯುವಾಗ ಕನಿಷ್ಠ 1.8 ವೋಲ್ಟ್ ಅದರೊಳಗೇ ಕಳೆದುಹೋಗುತ್ತದೆ. ಡೇಟಾಶೀಟಿನ ಗರಿಷ್ಠ ಮಿತಿ 3 ವೋಲ್ಟನ್ನೂ ದಾಟುತ್ತದೆ. ಹೋದ ವೋಲ್ಟೆಲ್ಲ ಬಿಸಿಯಾಗುತ್ತದೆ, ಅಷ್ಟು ದೊಡ್ಡ ಹೀಟ್‌ಸಿಂಕ್ ಇರುವುದು ಅದಕ್ಕೇ. ಎರಡು 18650 ಲಿಥಿಯಂ ಸೆಲ್ ಸರಣಿಯಲ್ಲಿ ಹಾಕಿ 7.4 ವೋಲ್ಟ್ ಕೊಟ್ಟರೆ ಮೋಟರಿಗೆ ಐದೂವರೆ ವೋಲ್ಟ್ ಆಸುಪಾಸು ಸಿಗುತ್ತದೆ. ತಮಾಷೆಯೆಂದರೆ, ಬಿಒ ಮೋಟರಿಗೆ ಬೇಕಾದದ್ದೂ 3ರಿಂದ 6 ವೋಲ್ಟೇ. ಹಾಗಾಗಿ ಈ ಜೋಡಿಯನ್ನು ಬೈಯುವವರೆಲ್ಲ ಬೈದಷ್ಟು ಅದು ಕೆಟ್ಟದ್ದಲ್ಲ. ನಾಲ್ಕು ಪೆನ್‌ಸೆಲ್ ಹಾಕುವವರದ್ದೇ ಗೋಳು: 6 ವೋಲ್ಟಿನಲ್ಲಿ ಎರಡು ಕಳೆದರೆ ಉಳಿಯುವುದು 4, ರೋಬೋ ತೆವಳುತ್ತದೆ. ಚೌಕಾಕಾರದ 9 ವೋಲ್ಟ್ ಬ್ಯಾಟರಿಯನ್ನಂತೂ ಮೋಟರಿಗೆ ಹಾಕಲೇಬೇಡಿ. ಅದರ ಒಳರೋಧ ಹೆಚ್ಚು. ಮೋಟರ್ ಎಳೆದ ಕೂಡಲೇ ವೋಲ್ಟೇಜ್ ಕುಸಿಯುತ್ತದೆ.

ಟಿಬಿ6612ರಲ್ಲಿರುವುದು ಮಾಸ್‌ಫೆಟ್, ಅಂದರೆ ನಷ್ಟ ಕಡಿಮೆಯಿರುವ ಬಗೆಯ ಟ್ರಾನ್ಸಿಸ್ಟರ್. ಮೋಟರಿನ ಮೇಲ್ಬದಿಯ ಸ್ವಿಚ್ಚೂ ಕೆಳಬದಿಯದೂ ಸೇರಿ ರೋಧ ಸುಮಾರು ಅರ್ಧ ಓಮ್. ಅರ್ಧ ಆಂಪಿಯರ್ ಹರಿದರೆ ನಷ್ಟ ಕಾಲು ವೋಲ್ಟ್ ಮಾತ್ರ. ಪ್ರತಿ ಚಾನೆಲ್‌ಗೆ ಸತತ 1.2 ಆಂಪಿಯರ್, ಕ್ಷಣಕಾಲಕ್ಕೆ 3.2 ಆಂಪಿಯರ್ ತಡೆಯುತ್ತದೆ. ಎಲ್298ಎನ್ ಸತತ 2 ಆಂಪಿಯರ್ ಎನ್ನುತ್ತದಾದರೂ ಎನ್20ಕ್ಕೆ ಅಷ್ಟು ಬೇಡ.

ನಷ್ಟ ಕಡಿಮೆ ಇರುವುದರಿಂದಲೇ ಇನ್ನೊಂದು ಎಚ್ಚರ ಬೇಕು. ಪೂರ್ತಿ ಚಾರ್ಜಾದ ಎರಡು ಸೆಲ್‌ಗಳ 8.4 ವೋಲ್ಟ್ ಹೆಚ್ಚುಕಡಿಮೆ ಹಾಗೇ ಮೋಟರಿಗೆ ಹೋಗುತ್ತದೆ. ಎನ್20 6 ವೋಲ್ಟಿನದಾಗಿದ್ದರೆ ಪ್ರೋಗ್ರಾಮಿನಲ್ಲಿ ಪಿಡಬ್ಲ್ಯೂಎಂ (ವಿದ್ಯುತ್ತನ್ನು ಬೇಗಬೇಗ ಆನ್-ಆಫ್ ಮಾಡಿ ವೇಗ ಹಿಡಿತದಲ್ಲಿಡುವ ವಿಧಾನ) ಮಿತಿಯನ್ನು 255ರ ಬದಲು 180ಕ್ಕೆ ಕಟ್ಟಿಹಾಕಿ, 8.4ರಲ್ಲಿ 180/255 ಅಂದರೆ ಸರಿಸುಮಾರು 5.9 ವೋಲ್ಟ್.

ವೈರಿಂಗ್ ತಪ್ಪುಗಳು ಎರಡರಲ್ಲೂ ಬೇರೆ ಬೇರೆ. ಎಲ್298ಎನ್‌ನಲ್ಲಿ ಎನೇಬಲ್ ಪಿನ್‌ಗಳ ಮೇಲಿನ ಚಿಕ್ಕ ಜಂಪರ್ ಟೋಪಿ ತೆಗೆಯದಿದ್ದರೆ ವೇಗ ನಿಯಂತ್ರಣವೇ ಸಿಗದು, ಮೋಟರ್ ಯಾವಾಗಲೂ ಪೂರ್ತಿ ವೇಗದಲ್ಲೇ ಓಡುತ್ತದೆ. ಟಿಬಿ6612ರಲ್ಲಿ ಸ್ಟ್ಯಾಂಡ್‌ಬೈ ಪಿನ್ನನ್ನು 5 ವೋಲ್ಟಿಗೆ ಕಟ್ಟದಿದ್ದರೆ ಏನೂ ತಿರುಗದು. ಬೋರ್ಡೇ ಸತ್ತಿದೆ ಎಂದು ಎಸೆಯುವವರೂ ಇದ್ದಾರೆ. ನಿಜವಾಗಿ ಸಾಯುವುದು ಬ್ಯಾಟರಿ ಉಲ್ಟಾ ಕೊಟ್ಟಾಗ. ಅಗ್ಗದ ಬೋರ್ಡುಗಳಲ್ಲಿ ಉಲ್ಟಾ ಧ್ರುವಕ್ಕೆ ರಕ್ಷಣೆ ಇರುವುದಿಲ್ಲ. ಒಂದೇ ಬದಿಗೆ ಕೂರುವ ಜೆಎಸ್‌ಟಿ ಅಥವಾ ಎಕ್ಸ್‌ಟಿ30 ಕನೆಕ್ಟರ್ ಹಾಕಿದರೆ ಈ ಭಯವೇ ಇರದು.

ಎಲ್298ಎನ್ ಬೋರ್ಡಿನ 5 ವೋಲ್ಟ್ ಔಟ್‌ಪುಟ್ಟಿನಿಂದಲೇ ನ್ಯಾನೊ ನಡೆಸುವುದು ರೂಢಿ. ಆ ರೆಗ್ಯುಲೇಟರಿಗೆ ಕನಿಷ್ಠ 7 ವೋಲ್ಟ್ ಒಳಬರಬೇಕು. ಸೆಲ್ ಅರ್ಧ ಇಳಿದ ಮೇಲೆ ಮೋಟರ್ ಜೋರಾಗಿ ಎಳೆದರೆ 5 ವೋಲ್ಟೂ ಕುಸಿದು ಸೆನ್ಸರ್ ರೀಡಿಂಗ್ ಅಲುಗಾಡುತ್ತದೆ, ತಿರುವಿನಲ್ಲಿ ರೋಬೋ ದಾರಿ ಬಿಡುತ್ತದೆ. ತಂಡದವರು ಕೋಡನ್ನು ಬೈಯುತ್ತಾ ಕೂರುತ್ತಾರೆ. ಎರಡೂ ಜೋಡಿಗೆ ಎಂಪಿ1584ನಂಥ ಪುಟ್ಟ ಬಕ್ ಕನ್ವರ್ಟರ್ (ವೋಲ್ಟೇಜ್ ಇಳಿಸುವ ಬೋರ್ಡು) ಹಾಕಿ, ಮೊದಲು ಮಲ್ಟಿಮೀಟರ್‌ನಲ್ಲಿ 5.0ಕ್ಕೆ ತಿರುಗಿಸಿಕೊಂಡು ಆಮೇಲೆ ನ್ಯಾನೊಗೆ ಜೋಡಿಸಿ.

ಮೋಟರ್

ಲೆಕ್ಕ ಹಾಕಿ ನೋಡಿದರೆ ಅಂತರ ಸ್ಪಷ್ಟ. 1:48 ಗೇರಿನ ಬಿಒ ಮೋಟರ್ 6 ವೋಲ್ಟಿನಲ್ಲಿ ನಿಮಿಷಕ್ಕೆ ಸುಮಾರು 200 ಸುತ್ತು. 65 ಮಿ.ಮೀ. ಚಕ್ರದ ಸುತ್ತಳತೆ 204 ಮಿ.ಮೀ.; ಸೆಕೆಂಡಿಗೆ 68 ಸೆಂ.ಮೀ. ಆಯಿತು. 600 ಸುತ್ತಿನ ಎನ್20ಕ್ಕೆ 43 ಮಿ.ಮೀ. ಚಕ್ರ ಹಾಕಿದರೆ ಸೆಕೆಂಡಿಗೆ 1.35 ಮೀಟರ್, ಸರಿಯಾಗಿ ಎರಡು ಪಟ್ಟು. ತೂಕವೂ ಹಾಗೆಯೇ: ಬಿಒ ಒಂದಕ್ಕೆ 30 ಗ್ರಾಂ ಹತ್ತಿರ, ಎನ್20 ಒಂದಕ್ಕೆ 10. ಹಗುರವಾದ ರೋಬೋ ತಿರುವಿನಲ್ಲಿ ಬೇಗ ನಿಲ್ಲುತ್ತದೆ, ಬೇಗ ಹೊರಡುತ್ತದೆ.

ಆದರೂ ಬಿಒದ ದೊಡ್ಡ ತೊಂದರೆ ವೇಗವಲ್ಲ, ಗೇರಿನ ಸಡಿಲ. ಕೈಯಲ್ಲಿ ಚಕ್ರ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ ನೋಡಿ: ಒಳಗಿನ ಮೋಟರ್ ತಿರುಗದೆಯೇ ಚಕ್ರ ಒಂದಿಷ್ಟು ಹೋಗಿ ಬರುತ್ತದೆ. ಪ್ರೋಗ್ರಾಂ ಎಡಕ್ಕೆ ಎಂದಾಗ ಆ ಸಡಿಲ ತುಂಬುವವರೆಗೆ ಏನೂ ಆಗದು, ತುಂಬಿದ ಕೂಡಲೇ ಜಗ್ಗುತ್ತದೆ. ನೇರ ಗೆರೆಯ ಮೇಲೂ ರೋಬೋ ಬಾಲ ಅಲ್ಲಾಡಿಸುವುದು ಇದಕ್ಕೇ. ಪ್ರೋಗ್ರಾಮಿನ ಪಿಐಡಿ ತಿದ್ದುಪಡಿಯಲ್ಲಿ ಕೆಡಿ (ಗೆರೆಯಿಂದ ಸರಿಯುವ ವೇಗಕ್ಕೆ ತಕ್ಕಂತೆ ತಿದ್ದುವ ಗುಣಾಂಕ) ಏರಿಸಿ ಇದನ್ನು ಸರಿಮಾಡಲು ಹೋದರೆ ನಡುಕ ಇನ್ನೂ ಹೆಚ್ಚುತ್ತದೆ.

ಜೋಡಿಸುವಾಗ: ಬಿಒವನ್ನು ಹಿಡಿಯುವ ಉದ್ದನೆಯ ಎಂ3 ಸ್ಕ್ರೂಗಳನ್ನು ಬಿಗಿಯಾಗಿ ತಿರುಗಿಸಿದರೆ ಪ್ಲಾಸ್ಟಿಕ್ ಗೇರ್‌ಪೆಟ್ಟಿಗೆ ಅಮುಕಿ ಮೋಟರ್ ಕಚ್ಚಿಕೊಳ್ಳುತ್ತದೆ. ಬೆರಳಲ್ಲಿ ಚಕ್ರ ಸಲೀಸಾಗಿ ತಿರುಗುವಷ್ಟಕ್ಕೆ ನಿಲ್ಲಿಸಿ, ನೈಲಾಕ್ ನಟ್ ಹಾಕಿ. ಸಂಪಾಜೆ ಘಾಟಿ ಇಳಿದು ಮಂಗಳೂರು ಮುಟ್ಟುವಷ್ಟರಲ್ಲಿ ಸಾದಾ ನಟ್ ಸಡಿಲಾಗಿರುತ್ತದೆ. ವೈರ್ ಬೆಸೆಯುವ ತಾಮ್ರದ ಕಿವಿ ತೀರ ತೆಳು, ಎಳೆದರೆ ಕಿತ್ತುಬರುತ್ತದೆ. ವೈರನ್ನು ಮೋಟರ್ ಮೈಗೇ ಜಿಪ್‌ಟೈ ಹಾಕಿ ಬಿಗಿಯಿರಿ. ಎನ್20ರಲ್ಲಿ ಕಿವಿಗೆ ಸೋಲ್ಡರ್ ಐರನ್ ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಹಿಂಬದಿಯ ಪ್ಲಾಸ್ಟಿಕ್ ಕರಗಿ ಬ್ರಷ್ ಜಾರುತ್ತದೆ. ಅದರ ಗೇರು ತೆರೆದೇ ಇರುತ್ತದೆ, ಕೂದಲು ದೂಳು ಸುತ್ತಿಕೊಳ್ಳುತ್ತದೆ. ಪ್ರತಿ ಅಭ್ಯಾಸದ ನಂತರ ಚಿಮಟದಿಂದ ತೆಗೆಯಬೇಕು. ಯಾವ ಮೋಟರಾದರೂ ಎರಡು ತುದಿಗಳ ನಡುವೆ 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಬೆಸೆಯಿರಿ.

ಸೆನ್ಸರ್ ಮತ್ತು ಟ್ಯೂನಿಂಗ್

ಸೆನ್ಸರ್ ಎರಡಕ್ಕೂ ಒಂದೇ ಆದ್ದರಿಂದ ಇಲ್ಲಿ ಚುಟುಕು. ಕ್ಯೂಟಿಆರ್-8ಎ ಮಾದರಿಯ ಪಟ್ಟಿಯಲ್ಲಿ ಕಣ್ಣುಗಳ ಅಂತರ 9.5 ಮಿ.ಮೀ.; ನೆಲದಿಂದ 3 ಮಿ.ಮೀ. ಎತ್ತರ ಸರಿ, 6 ದಾಟಬಾರದು. ಮನೆಯ ಟೈಲ್ಸ್ ಮೇಲೆ 18 ಮಿ.ಮೀ. ಇನ್ಸುಲೇಷನ್ ಟೇಪ್ ಅಂಟಿಸಿ ಅಭ್ಯಾಸ ಮಾಡಿದರೆ ಗೆರೆಯ ಕೆಳಗೆ ಎರಡು ಕಣ್ಣು ಬರುತ್ತವೆ. ಸ್ಪರ್ಧೆಯ ಗೆರೆ 30 ಮಿ.ಮೀ. ಇದ್ದರೆ ಮೂರು. ಎರಡು ಗೆರೆಗಳಿಗೂ ಕಪ್ಪು–ಬಿಳಿ ಬೇರ್ಪಡಿಸುವ ಮಿತಿ ಬೇರೆ, ಸ್ಥಳದಲ್ಲೇ ಕ್ಯಾಲಿಬ್ರೇಟ್ ಮಾಡಲೇಬೇಕು. ಫ್ಲೆಕ್ಸ್ ಮೇಲಿನ ಕಪ್ಪು ಬಣ್ಣ ಕಣ್ಣಿಗೆ ಕಪ್ಪಾದರೂ ಬೇರೆ ಇಂಕುಗಳ ಮಿಶ್ರಣವಾಗಿದ್ದರೆ ಇನ್‌ಫ್ರಾರೆಡ್‌ಗೆ ಮಸುಕಾಗಿ ಕಾಣಬಹುದು. ಕಿಟಕಿಯ ಬಿಸಿಲು ಬೀಳುವ ಜಾಗವಿದ್ದರೆ ಪಟ್ಟಿಯ ಸುತ್ತ ಕಪ್ಪು ರಟ್ಟಿನ ಅಂಚು ಕಟ್ಟಿ.

ಗೆರೆಯ ಸ್ಥಾನ 0ರಿಂದ 7000, ನಡು 3500 ಎಂದು ತೆಗೆದುಕೊಂಡರೆ ಎನ್20 ಜೋಡಿಗೆ ಕೆಪಿ (ಗೆರೆಯಿಂದ ಸರಿದಷ್ಟಕ್ಕೆ ತಕ್ಕಂತೆ ತಿದ್ದುವ ಗುಣಾಂಕ) 0.05, ಕೆಡಿ 1ರಿಂದ ಶುರುಮಾಡಿ. ಸರಿಹೊಂದದಿದ್ದರೆ ಕೆಡಿ ಸೊನ್ನೆಯಿಟ್ಟು ಕೆಪಿ ಏರಿಸುತ್ತಾ ರೋಬೋ ತೂಗಾಡುವವರೆಗೆ ಹೋಗಿ, ಸ್ವಲ್ಪ ಇಳಿಸಿ, ಆಮೇಲೆ ಕೆಡಿ ಏರಿಸಿ. ಹಿಂದಿನ ತಪ್ಪುಗಳನ್ನು ಕೂಡಿಸಿ ತಿದ್ದುವ ಕೆಐ ಬೇಕಿಲ್ಲ. ಟಿಬಿ6612 ಇದ್ದರೆ 9 ಮತ್ತು 10ನೇ ಪಿನ್ ಬಳಸಿ ಟೈಮರ್ 1ರ ಪ್ರಿಸ್ಕೇಲರ್ (ಟೈಮರಿನ ವೇಗವನ್ನು ಭಾಗಿಸುವ ಸಂಖ್ಯೆ) 1 ಮಾಡಿ: ಪಿಡಬ್ಲ್ಯೂಎಂ ಆವರ್ತನ 490 ಹರ್ಟ್ಸ್‌ನಿಂದ 31 ಕಿಲೋಹರ್ಟ್ಸ್‌ಗೆ ಏರುತ್ತದೆ, ಮೋಟರಿನ ಕಿರ್ರ್ ಸದ್ದು ನಿಲ್ಲುತ್ತದೆ. ಎಲ್298ಎನ್‌ನಲ್ಲಿ ಇದನ್ನು ಮಾಡಬೇಡಿ. ಅಷ್ಟು ಬೇಗ ಅದು ಸ್ವಿಚ್ ಆಗದು, ಬರಿದೇ ಬಿಸಿಯಾಗುತ್ತದೆ.

ಮಳೆಗಾಲ

ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿ ಕಟ್ಟುವ ರೋಬೋಗೆ ಬೇರೆಯದೇ ಪರೀಕ್ಷೆ. 4 ಮಿ.ಮೀ. ಪ್ಲೈವುಡ್ ಚಾಸಿ ತೇವ ಕುಡಿದು ಬಾಗುತ್ತದೆ, 3 ಮಿ.ಮೀ. ಸೆನ್ಸರ್ ಎತ್ತರದಲ್ಲಿ 1 ಮಿ.ಮೀ. ಬಾಗಿದರೂ ರೀಡಿಂಗ್ ಕೆಟ್ಟಿತು. ಬಿಒ ಜೋಡಿಯ ಭಾರಕ್ಕೆ ಇದು ಇನ್ನೂ ಬೇಗ. ಅಕ್ರಿಲಿಕ್ ಬಾಗದು, ಆದರೆ ಸ್ಕ್ರೂ ತೂತಿನಲ್ಲಿ ಬಿರುಕು ಬಿಡುತ್ತದೆ. ಕೆಳಗೆ ವಾಷರ್ ಕೊಡಿ. ಎನ್20 ಜೋಡಿಯ ಹಗುರಕ್ಕೆ 1.6 ಮಿ.ಮೀ. ಎಫ್‌ಆರ್4 (ಸರ್ಕ್ಯೂಟ್ ಬೋರ್ಡಿನ ಫೈಬರ್‌ಗ್ಲಾಸ್ ಹಾಳೆ) ಬೋರ್ಡನ್ನೇ ಚಾಸಿ ಮಾಡುವುದು ನಮ್ಮ ಆಯ್ಕೆ. ಪಿಎಲ್‌ಎ ಪ್ಲಾಸ್ಟಿಕ್‌ನಲ್ಲಿ 3ಡಿ ಪ್ರಿಂಟ್ ಮಾಡುವವರು ಫಿಲಮೆಂಟ್ ರೋಲನ್ನು ಸಿಲಿಕಾ ಜೆಲ್ ಹಾಕಿದ ಮುಚ್ಚಿದ ಡಬ್ಬಿಯಲ್ಲಿಡಿ, ತೇವ ಹಿಡಿದಿದ್ದರೆ 45–50 ಡಿಗ್ರಿಯಲ್ಲಿ ನಾಲ್ಕಾರು ಗಂಟೆ ಒಣಗಿಸಿ. ಒಲೆ ಮೇಲಿನ ಅಟ್ಟದಲ್ಲಿಟ್ಟರೆ ಸಾಕು ಅನ್ನುವ ಹಿರಿಯರಿದ್ದಾರೆ. ಕಾಳುಮೆಣಸಿಗೆ ಅದು ಸರಿ, ನಾಝಲ್‌ಗೆ ಮಸಿ ಬೇಡ. ಜಂಪರ್ ವೈರಿನ ತುದಿಗಳು ಈ ತಿಂಗಳುಗಳಲ್ಲಿ ಕಪ್ಪಾಗಿ ಸಂಪರ್ಕ ಬಿಡುತ್ತವೆ, ಹಾಗಾಗಿ ಸ್ಪರ್ಧೆಗೆ ಹೋಗುವ ಬೋರ್ಡಿನಲ್ಲಿ ಎಲ್ಲವನ್ನೂ ಬೆಸೆದುಬಿಡಿ.

ಖರ್ಚು ಮತ್ತು ಬದಲಿ

ಎರಡು ಬಿಒ ಮೋಟರ್ ಚಕ್ರ ಸಮೇತ 200 ರೂಪಾಯಿ ಆಸುಪಾಸಿನಲ್ಲಿ ಮುಗಿಯುತ್ತದೆ. ಎರಡು ಎನ್20ಕ್ಕೆ ಬ್ರಾಕೆಟ್ ಚಕ್ರ ಸೇರಿ ಅದರ ಮೂರು ನಾಲ್ಕು ಪಟ್ಟು. ಡ್ರೈವರ್‌ಗಳ ಬೆಲೆಯಲ್ಲಿ ಹೇಳಿಕೊಳ್ಳುವಂಥ ಅಂತರವಿಲ್ಲ. ಆದ್ದರಿಂದ ಎನ್20 ತಂಡದ ಡಬ್ಬಿಯಲ್ಲಿ ಪಿನ್ ಬೆಸೆದು ಪರೀಕ್ಷಿಸಿಟ್ಟ ಎರಡು ಟಿಬಿ6612, ಒಂದು ಹೆಚ್ಚುವರಿ ಮೋಟರ್, ಒಂದು ನ್ಯಾನೊ ಇರಲಿ. ಡ್ರೈವರನ್ನು ಬೋರ್ಡಿಗೆ ನೇರ ಬೆಸೆಯದೆ ಫೀಮೇಲ್ ಹೆಡರ್ ಮೇಲೆ ಕೂರಿಸಿದರೆ ಬದಲಿಸುವುದು ಅರ್ಧ ನಿಮಿಷದ ಕೆಲಸ. ಬೆಸುಗೆಗೆ ಇದೊಂದೇ ವಿನಾಯಿತಿ. ಮೊದಲ ವರ್ಷದ ತಂಡ, ಕೈಯಲ್ಲಿ ಸಾವಿರ ರೂಪಾಯಿ, ಸ್ಪರ್ಧೆಗೆ ಎರಡೇ ವಾರ ಎಂದಾದರೆ ಬಿಒ–ಎಲ್298ಎನ್ ಕಟ್ಟಿ, ವೇಗ ಸೆಕೆಂಡಿಗೆ ಅರ್ಧ ಮೀಟರಿಗೆ ಇಳಿಸಿ ಓಟ ಮುಗಿಸಿ. ಗೆರೆ ಬಿಟ್ಟರೆ ಅಂಕ ಕಳೆಯುವ ನಿಯಮವಿರುವಲ್ಲಿ ನಿಧಾನವಾಗಿ ಪೂರ್ತಿ ಸುತ್ತು ಹಾಕಿದ ರೋಬೋ, ಮೂರನೇ ತಿರುವಿನಲ್ಲಿ ಹಾರಿಹೋದ ಎನ್20ಕ್ಕಿಂತ ಮೇಲಿರುತ್ತದೆ. ಯಾವುದನ್ನು ಕಟ್ಟಿದರೂ ನಿಯಮಪತ್ರದಲ್ಲಿ ಗಾತ್ರ ಮತ್ತು ಬ್ಯಾಟರಿ ವೋಲ್ಟೇಜಿನ ಮಿತಿಯನ್ನು ಭಾಗ ಕೊಳ್ಳುವ ಮೊದಲೇ ಓದಿಕೊಳ್ಳಿ. 12 ವೋಲ್ಟ್ ಮಿತಿ ಎಂದಿದ್ದರೆ ಪೂರ್ತಿ ಚಾರ್ಜಿನಲ್ಲಿ 12.6 ತೋರಿಸುವ ಮೂರು ಸೆಲ್‌ನ ಪ್ಯಾಕ್ ತಪಾಸಣೆಯಲ್ಲೇ ಹೊರಬೀಳಬಹುದು.