ಕಬ್ಬಿನ ಹಂಗಾಮಿನಲ್ಲಿ ಮನೆ ಸೋಲಾರ್: ಮುಧೋಳದ ನಮ್ಮ ಅನುಭವ

ನಮ್ಮ ಮನೆ ಮಾಳಿಗೆ ಮೇಲೆ 3 ಕಿಲೋವ್ಯಾಟ್ ಸೋಲಾರ್ ಇದೆ. ಪ್ಯಾನೆಲ್ ಎಷ್ಟು ವ್ಯಾಟಿನದು, ಇನ್ವರ್ಟರ್ ಯಾವುದು, ಇದೆಲ್ಲ ಎಲ್ಲ ಕಡೆ ಓದಲು ಸಿಗುತ್ತದೆ, ಬಿಡಿ. ನಾನು ಬರೆಯಲು ಕೂತಿದ್ದು ಬೂದಿ ಬಗ್ಗೆ. ಮುಧೋಳ, ಜಮಖಂಡಿ, ಮಹಾಲಿಂಗಪುರ, ಅಥಣಿ, ಗೋಕಾಕ ಕಡೆಯವರು ಸೋಲಾರ್ ಹಾಕಿಸುವ ಮೊದಲು ಕೇಳಬೇಕಾದ್ದು ಇದನ್ನೇ. ನಮಗೆ ಹಾಕಿಕೊಟ್ಟವರು ಇದರ ಬಗ್ಗೆ ಒಂದು ಮಾತೂ ಆಡಲಿಲ್ಲ.

ನವೆಂಬರ್ ಹೊತ್ತಿಗೆ ಕಾರ್ಖಾನೆಗಳು ಕಬ್ಬು ನುರಿಸಲು ಶುರು ಮಾಡುತ್ತವೆ. ಗ್ಯಾಂಗಿನವರು ಕಡಿದು, ಟ್ರ್ಯಾಕ್ಟರ್ ತುಂಬಿಸಿ ಹೋದ ಮೇಲೆ ಹೊಲದ ತುಂಬ ರವದಿ, ಅಂದರೆ ಕಬ್ಬಿನ ಒಣ ಎಲೆ, ಉಳಿಯುತ್ತದೆ. ಸಂಜೆ ಗಾಳಿ ಕಡಿಮೆಯಾದ ಮೇಲೆ ಅದಕ್ಕೆ ಬೆಂಕಿ ಹಚ್ಚುತ್ತಾರೆ. ಸುಟ್ಟ ಎಲೆ ಅಲ್ಲೇ ಪುಡಿಯಾಗಿ ಬಿದ್ದರೆ ತೊಂದರೆ ಇರಲಿಲ್ಲ. ಅದು ಉದ್ದುದ್ದ ಕಪ್ಪು ಎಳೆಗಳಾಗಿ ಮೇಲೆದ್ದು, ಸುರುಳಿ ಸುತ್ತಿಕೊಂಡು, ತೇಲುತ್ತ ಬಂದು ಮಾಳಿಗೆ ಮೇಲೆ ಕೂರುತ್ತದೆ. ಬೆರಳು ತಾಗಿಸಿದರೆ ಸಾಕು, ಮಸಿ. ಒಣಹಾಕಿದ ಬಟ್ಟೆಗೂ ಅದೇ, ಸಂಡಿಗೆಗೂ ಅದೇ. ರಾತ್ರಿ ಇಬ್ಬನಿ ಬಿದ್ದರೆ ಈ ಮಸಿ ಗಾಜಿನ ಮೇಲೆ ಕೆಸರಾಗಿ ಇಳಿದು, ಪ್ಯಾನೆಲ್‌ನ ಕೆಳ ಅಂಚಿನ ಚೌಕಟ್ಟಿಗೆ ತಡೆದು ನಿಲ್ಲುತ್ತದೆ. ಬೆಳಿಗ್ಗೆ ಬಿಸಿಲಿಗೆ ಒಣಗಿತೋ, ಅಲ್ಲೇ ಒಂದು ಕಪ್ಪು ಪಟ್ಟಿ ಅಂಟಿಕೊಳ್ಳುತ್ತದೆ.

ಆ ಪಟ್ಟಿ ಎರಡು ಬೆರಳಿನಷ್ಟು ಅಗಲ ಇದ್ದರೂ ಸಾಕು. ಪ್ಯಾನೆಲ್ ಒಳಗಿನ ಸೆಲ್‌ಗಳು ಒಂದರ ಹಿಂದೆ ಒಂದು ಸರಪಳಿಯಂತೆ ಜೋಡಿಸಿರುತ್ತವೆ. ಕೆಳಗಿನ ಸಾಲಿನ ಸೆಲ್‌ಗಳಿಗೆ ಬೆಳಕು ಬೀಳದಿದ್ದರೆ ಮೇಲಿನವೂ ಪೂರ್ತಿ ಕೆಲಸ ಮಾಡಲಾರವು. ಮುಚ್ಚಿಹೋದ ಸೆಲ್ ಕರೆಂಟ್ ಕೊಡುವ ಬದಲು ತಾನೇ ಬಿಸಿಯಾಗುತ್ತದೆ. ಹಾಗೇ ಬಿಟ್ಟರೆ ಆ ಜಾಗ ಸುಟ್ಟು ಕಂದಾಗುವುದೂ ಉಂಟು. ಹೊಟ್ಟೆ ಉರಿಯುವುದು ಯಾಕೆ ಗೊತ್ತಾ? ಪ್ಯಾನೆಲ್‌ಗೆ ಬೆಳಕು ಬೇಕು, ಕಾವು ಬೇಡ. ನಮ್ಮ ಏಪ್ರಿಲ್ ಬಿಸಿಲಿಗಿಂತ ಜನವರಿ, ಫೆಬ್ರವರಿಯ ತಂಪು ಬಿಸಿಲೇ ಅದಕ್ಕೆ ಒಗ್ಗುತ್ತದೆ. ಅದೇ ತಿಂಗಳುಗಳಲ್ಲಿ ಈ ಬೂದಿ. ದಿನಕ್ಕೆ 12 ಯೂನಿಟ್ ಆಸುಪಾಸು ಕೊಡುತ್ತಿದ್ದದ್ದು ಸುತ್ತಲ ಹೊಲ ಸುಟ್ಟ ವಾರ 8ಕ್ಕೆ ಇಳಿಯಿತು.

ಹಾಕಿಕೊಟ್ಟವರಿಗೆ ಫೋನ್ ಮಾಡಿದೆ. ಐದು ವರ್ಷ ನಿರ್ವಹಣೆ ಅವರದೇ ಎಂದು ಕಾಗದದಲ್ಲಿದೆ. "ಧೂಳ್ರೀ ಸರ, ಮಳಿ ಬಂದ್ರ ಹೊಕ್ಕೈತಿ" ಅಂದರು. ಜನವರಿಯಲ್ಲಿ ನಮ್ಮಲ್ಲಿ ಯಾವ ಮಳೆ? ಮತ್ತೆ ಮತ್ತೆ ಕರೆದ ಮೇಲೆ ಒಬ್ಬ ಹುಡುಗನನ್ನು ಕಳಿಸಿದರು. ಅವನು ಒಣ ಬಟ್ಟೆ ತೆಗೆದು ಗಸಗಸ ಉಜ್ಜಿಬಿಟ್ಟ. ಕಬ್ಬಿನ ಎಲೆಯ ಬೂದಿಯಲ್ಲಿ ಸಿಲಿಕಾ ಇರುತ್ತದೆ, ಅಂದರೆ ಮರಳಿನದೇ ಅಂಶ. ಒಣಗಿದ್ದಾಗ ಉಜ್ಜಿದರೆ ಗಾಜು ಗೀರದೆ ಇರುತ್ತದಾ? ಒಂದು ಪ್ಯಾನೆಲ್ ಮೇಲೆ ಆ ಸಣ್ಣ ಗೀರುಗಳು ಇವತ್ತಿಗೂ ಇವೆ. ಓರೆಯಾಗಿ ನಿಂತು ನೋಡಿದರೆ ಕಾಣುತ್ತವೆ, ನೋಡಿದಾಗಲೆಲ್ಲ ಸಿಟ್ಟು ಬರುತ್ತದೆ. ಹುಡುಗನ ಮೇಲಲ್ಲ, ಕಲಿಸದೆ ಕಳಿಸಿದವರ ಮೇಲೆ.

ಅವತ್ತಿನಿಂದ ನಾನೇ ತೊಳೆಯುತ್ತೇನೆ. ಈಗ ಅದು ನನಗೆ ತುಂಬ ಇಷ್ಟದ ಕೆಲಸ.

ಸೂರ್ಯ ಹುಟ್ಟುವ ಮುಂಚೆ ಮೇಲೆ ಹೋಗಬೇಕು. ಕಾದ ಗಾಜಿಗೆ ತಣ್ಣೀರು ಬಿದ್ದರೆ ಸೀಳಬಹುದು. ಬೆಳಕು ಬಿದ್ದ ಮೇಲೆ ವೈರಿನಲ್ಲಿ ಕರೆಂಟ್ ಇದ್ದೇ ಇರುತ್ತದೆ, ಅದಕ್ಕೆ ಮೊದಲು ಸ್ವಿಚ್ ಆಫ್. ಆಮೇಲೆ ಪೈಪ್ ಹಿಡಿದು ಮೇಲಿನ ಅಂಚಿನಿಂದ ಸುಮ್ನೆ ನೀರು ಬಿಡುತ್ತೇನೆ, ಏನೂ ಉಜ್ಜುವುದಿಲ್ಲ. ಬೂದಿ ನೀರು ಕುಡಿದು ಸಡಿಲವಾಗಿ ತಾನಾಗೇ ಜಾರುತ್ತದೆ. ಕಪ್ಪು ನೀರು ಹರಿದು ಹೋಗಿ, ಅದರ ಹಿಂದೆ ನೀಲಿ ಗಾಜು ಕಾಣುವುದನ್ನು ನೋಡುತ್ತ ನಿಲ್ಲುವುದೇ ಒಂದು ಖುಷಿ. ಆಮೇಲೆ ಉದ್ದ ಹಿಡಿಕೆಯ ಸ್ಪಂಜಿನಿಂದ ಮೆಲ್ಲಗೆ ಒಂದು ಸಲ, ಕೆಳ ಅಂಚಿಗೆ ಇನ್ನೊಂದು ಸಲ. ಸೋಪಿನ ಪುಡಿ ಬೇಡ, ಗಾಜಿನ ಮೇಲೆ ಪದರ ಉಳಿಯುತ್ತದೆ. ಔಷಧ ಹೊಡೆಯುವ ಪಂಪಿನ ಜೋರು ನೀರೂ ಬೇಡ. ಪ್ಯಾನೆಲ್ ಮೇಲೆ ಕಾಲಂತೂ ಇಡಲೇಬೇಡಿ, ಒಳಗಿನ ಸೆಲ್ ಬಿರಿದರೆ ಹೊರಗೆ ಕಾಣುವುದೇ ಇಲ್ಲ. ನಮ್ಮ ಬೋರಿನ ನೀರು ಗಡಸು, ಒಣಗಿದರೆ ಬಿಳಿ ಕಲೆ ಗಟ್ಟಿಯಾಗಿ ಕೂರುತ್ತದೆ. ಅದಕ್ಕೆ ಕೊನೆಯ ನೀರು ನಳದ್ದು, ಅಂದರೆ ಹೊಳೆ ನೀರು. ರಬ್ಬರ್ ವೈಪರ್‌ನಿಂದ ಎಳೆದುಬಿಟ್ಟರೆ ಮುಗಿಯಿತು. ಅಷ್ಟರಲ್ಲಿ ಅವ್ವ ಕೆಳಗಿಂದ "ಚಾ ಆರಾಕತ್ತೈತಿ ನೋಡೋ" ಎಂದು ಕೂಗುತ್ತಾಳೆ. ಹತ್ತು ಗಂಟೆಗೆ ಮೊಬೈಲ್ ತೆಗೆದು ಗ್ರಾಫ್ ನೋಡಿದರೆ ನಿನ್ನೆಯ ಗೆರೆಗಿಂತ ಇವತ್ತಿನದು ಮೇಲೆ ಇರುತ್ತದೆ.

ಹೊಗೆ ಬೇರೆ, ಬೂದಿ ಬೇರೆ ಎಂಬುದು ನನಗೆ ಆ ಗ್ರಾಫ್ ನೋಡಿಯೇ ತಿಳಿದದ್ದು. ಕ್ಯಾಲಿಫೋರ್ನಿಯಾದಲ್ಲಿ 2020ರ ಕಾಡ್ಗಿಚ್ಚಿನ ಹೊಗೆ ಕವಿದು, ಸೆಪ್ಟೆಂಬರ್‌ನ ಮೊದಲ ಎರಡು ವಾರ ಅಲ್ಲಿನ ಗ್ರಿಡ್‌ನ ಸೋಲಾರ್ ವಿದ್ಯುತ್ ಜುಲೈ ಸರಾಸರಿಗಿಂತ ಹತ್ತಿರ ಹತ್ತಿರ ಶೇಕಡಾ 30 ಇಳಿದಿತ್ತು. ಅದು ಆಕಾಶದಲ್ಲೇ ಬೆಳಕು ತಡೆದ ಹೊಗೆ. ನಮ್ಮಲ್ಲೂ ಹೊಗೆಯ ದಿನ ಗೆರೆ ಬಗ್ಗುತ್ತದೆ, ಗಾಳಿ ಬಂದರೆ ಮರುದಿನ ಏಳುತ್ತದೆ. ಬೂದಿ ಕೂತ ಮೇಲೆ ಮಾತ್ರ ತೊಳೆಯುವ ತನಕ ಏಳುವುದಿಲ್ಲ.

ಪಕ್ಕದ ಹೊಲದ ಕಾಕಾ ಒಂದು ದಿನ ಮೇಲೆ ಬಂದು ಆ ಕಪ್ಪು ನೀರು ನೋಡಿದರು. "ಇಷ್ಟ ದೂರ ಬರತೈತೇನೋ ತಮ್ಮಾ? ರವದಿ ಹಂಗ ಬಿಟ್ರ ಗಳೇ ಹೊಡಿಯಾಕ ಬರೂದಿಲ್ಲ, ಏನ್ ಮಾಡೂದು" ಅಂದರು. ಅವರ ಕಷ್ಟವೂ ನಿಜ. ಆಳು ಸಿಗುವುದಿಲ್ಲ, ಕೂಳೆಗೆ, ಅಂದರೆ ಕಡಿದ ಬುಡದಿಂದ ಮತ್ತೆ ಚಿಗುರುವ ಕಬ್ಬಿಗೆ, ಬೇಗ ನೀರು ಹಾಯಿಸಬೇಕು. ಆದರೂ ಈ ಸಲ ಅವರು ಕೂಳೆ ಕಬ್ಬಿನಲ್ಲಿ ಸಾಲು ಬಿಟ್ಟು ಸಾಲು ರವದಿ ಹಾಸಿದ್ದಾರೆ. ನೆಲದ ಹಸಿ ಜಾಸ್ತಿ ದಿನ ನಿಲ್ಲುತ್ತಿದೆ, ಕಸ ಕಡಿಮೆ ಎನ್ನುತ್ತಾರೆ. ಆಚೆಯ ಹೊಲಗಳು ಇನ್ನೂ ಉರಿಯುತ್ತಿವೆ.

ದುಡ್ಡಿನ ಮಾತು. ಪಿಎಂ ಸೂರ್ಯಘರ್ ಯೋಜನೆಯ 78,000 ರೂಪಾಯಿ ಸಬ್ಸಿಡಿ ಕಳೆದು ಕೈಯಿಂದ ಒಂದು ಲಕ್ಷದ ಮೇಲೆ ಹೋಗಿದೆ. ನಮ್ಮದು ಕೂಡು ಕುಟುಂಬ, ತಿಂಗಳಿಗೆ 200 ಯೂನಿಟ್ ದಾಟುತ್ತದೆ, ಗೃಹಜ್ಯೋತಿಯ ಉಚಿತ ಕರೆಂಟ್ ಸಿಗುವುದಿಲ್ಲ. ಹಾಗಾಗಿ ನಮಗೆ ಲಾಭವೇ, ಮತ್ತೊಮ್ಮೆ ಹಾಕಿಸು ಅಂದರೂ ಹಾಕಿಸುತ್ತೇನೆ. 200ರ ಒಳಗೆ ಇರುವವರು ಅವಸರ ಮಾಡಬೇಡಿ. ಹಾಕಿಸುವುದೇ ಆದರೆ ಎರಡು ಸಾಲಿನ ನಡುವೆ ಒಬ್ಬರು ಓಡಾಡುವಷ್ಟು ಜಾಗ ಬಿಡಿಸಿ, ಮಾಳಿಗೆ ಮೇಲೆ ಒಂದು ನಳ ಕೊಡಿಸಿ. ತೊಳೆಯುವುದು ಯಾರ ಕೆಲಸ ಎಂದು ದುಡ್ಡು ಕೊಡುವ ಮುಂಚೆಯೇ ಬರೆಸಿಕೊಳ್ಳಿ.